ಕ್ಲಿಪ್ ಹಿಡಿಯದ ಕಾಲು

ಫೆ. 10, ಸೋಮವಾರ

ಇವತ್ತು ನಾನು ತೆಗೆದ ಇಸಿಜಿ ನಲವತ್ತೊಂದು. ಊಟಕ್ಕೆ ಕುಳಿತಾಗ ನಾಲ್ಕು ಗಂಟೆ. ರೊಟ್ಟಿ ಕಟಕ್ ಎನ್ನುತ್ತಿತ್ತು.

ಮೂರರ ಹೊತ್ತಿಗೆ ರಾಮಸಮುದ್ರದ ಮೌನಮ್ಮ ಎಂಬಾಕೆ ಬಂದರು. ಅರವತ್ತರ ಆಸುಪಾಸು. ಎರಡು ಹೆಜ್ಜೆಗೆ ಏದುಸಿರು. ಬಲಗಾಲು ಆನೆಕಾಲು. ವಾಸನೆ ಬೇರೆ. ಕಾಲಿಗೆ ಹಾಕುವ ಕ್ಲಿಪ್ಪಿನ ಬಾಯಿ ಎಷ್ಟು ತೆರೆದರೂ ಹಿಡಿಯಲಿಲ್ಲ. ಚೀಟಿ ಬರೆದೆ: ‘ಕಾಲಿನ ಕಾರಣ ಇಸಿಜಿ ಸಾಧ್ಯವಿಲ್ಲ.’ ಜೋಪಾನವಾಗಿಡಿ, ಮುಂದಿನ ಸಲ ತೋರಿಸಿ ಎಂದೆ. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಇಸಿಜಿ ಇಲ್ಲದೆ ಹಾರ್ಟ್ ವಾರ್ಡಿಗೆ ಸೇರಿಸಿಕೊಳ್ಳುವುದಿಲ್ಲ. ಅದು ನಾನು ಮಾಡಿದ ರೂಲ್ ಅಲ್ಲ. ಡಾಕ್ಟರು ಆನೆಕಾಲಿನ ಕ್ಲಿನಿಕ್ಕಿಗೆ ಬರೆದು ಕಳಿಸಿದರು. ಮುಲಾಮು ಸಿಕ್ಕಿರುತ್ತದೆ.

ಮಸ್ತಾನಬಿ ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು. “ತೊಡಿಗಿ ಹಚ್ಚಿದ್ರ ಆಗ್ತದಲ್ರಿ?” ಎಂದರು. ಆಗುತ್ತದೆ. ಗೊತ್ತು. ಕಲಬುರಗಿಯ ಟ್ರೇನಿಂಗಿನಲ್ಲಿ ಕಲಿಸಿದ್ದರು. ಆದರೆ ಪರದೆ ಎಳೆಯಬೇಕು, ಆಯಾಳನ್ನು ಕರೆಯಬೇಕು, ಸೀರೆ ಸರಿಸಬೇಕು, ಆ ಕಾಲು ಮುಟ್ಟಬೇಕು. ಹೊರಗೆ ಹನ್ನೆರಡು ಜನ. ನಾನೊಬ್ಬ. ಈಕೆಯೇನು ಡಾಕ್ಟರಾ ಎಂದುಕೊಂಡೆ.

ಫೆ. 11, ಮಂಗಳವಾರ

ಮೂವತ್ತಾರು. ಪೇಪರ್ ರೋಲ್ ಮುಗಿಯುತ್ತ ಬಂದಿದೆ, ಇಂಡೆಂಟ್ ಹಾಕಿದೆ. ಬೇರೇನಿಲ್ಲ.

ಫೆ. 16, ಭಾನುವಾರ

ಬೋನಾಳದಿಂದ ಸಂಗಣ್ಣ ಭಾವನ ಫೋನು. ಸಾಯಬಮ್ಮಕ್ಕನಿಗೆ ಹತ್ತು ದಿನದಿಂದ ಉಸಿರಾಟದ ತೊಂದರೆಯಂತೆ. ಮಲಗಿದರೆ ಕಟ್ಟುತ್ತದಂತೆ. ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುತ್ತಾಳಂತೆ. ಮೀನು ಮಾರಲು ಸುರಪುರದ ಬಜಾರಿಗೆ ಹೋಗುವುದೂ ನಿಂತಿದೆ.

ಅಕ್ಕನ ಬಲಗಾಲು ಇಪ್ಪತ್ತನೆಯ ವಯಸ್ಸಿನಿಂದ ಆನೆಕಾಲು. ಊರಿಗೆಲ್ಲ ಗೊತ್ತು. ನಮ್ಮ ಆಸ್ಪತ್ರೆಯಲ್ಲಿ ಮಾತ್ರ ಯಾರಿಗೂ ಹೇಳಿಲ್ಲ. ನನ್ನ ನಿಶ್ಚಯಕ್ಕೆ ಹೆಣ್ಣಿನ ಕಡೆಯವರು ಬಂದಾಗ ಅವಳನ್ನು ಅಡುಗೆಮನೆಯಿಂದ ಹೊರಗೆ ಬಿಡಲಿಲ್ಲ. ಅವತ್ತಿನ ಹೋಳಿಗೆ ಮಾಡಿದವಳೂ ಅವಳೇ. ಎಲ್ಲರೂ ಹೊಗಳಿ ಉಂಡರು.

ಗುರುವಾರ ಶಹಾಪುರದ ಆಸ್ಪತ್ರೆಗೆ ತೋರಿಸಲು ಹೋಗಿದ್ದರಂತೆ. ಇಸಿಜಿ ಆಗಲಿಲ್ಲವಂತೆ. ಕಾಲಿನ ರೋಗ, ಗುಳಿಗೆ ನುಂಗು ಎಂದು ಕಳಿಸಿದರಂತೆ. ಯಾವ ಕತ್ತೆ ಹಾಗೆ ಹೇಳಿದ್ದು ಎಂದು ಭಾವನ ಮೇಲೆ ರೇಗಿದೆ. ಪಾಪ, ಅವರೇನು ಮಾಡಿಯಾರು. ನಾಳೆಯೇ ಯಾದಗಿರಿಗೆ, ನಮ್ಮ ಆಸ್ಪತ್ರೆಗೆ ಕರೆತನ್ನಿ ಎಂದೆ.

ಫೆ. 17, ಸೋಮವಾರ

ಬರೆದೇ ಬಿಡುತ್ತೇನೆ.

ಅಕ್ಕ ಹನ್ನೊಂದಕ್ಕೆ ಬಂದಳು. ಟಂಟಂನಿಂದ ಇಳಿದು ನನ್ನ ಕೋಣೆ ಮುಟ್ಟುವುದರೊಳಗೆ ನಾಲ್ಕು ಕಡೆ ಕುಳಿತಳು. ಬಲಗಾಲು ಬಿಡು, ಅದು ಹಳೆಯದು, ಕಲ್ಲಿನ ಹಾಗೆ ಗಟ್ಟಿ. ಎಡಗಾಲು ನೋಡಿದೆ. ಚೆನ್ನಾಗಿದ್ದ ಕಾಲು ಊದಿಕೊಂಡಿದೆ. ಬೆರಳಿಂದ ಒತ್ತಿದರೆ ಕುಳಿ, ತುಂಬಲೇ ಇಲ್ಲ. ಹಿಟ್ಟಿನಲ್ಲಿ ಒತ್ತಿದ ಹಾಗೆ. ಇದು ಆನೆಕಾಲಲ್ಲ, ಹಾರ್ಟು. ಕಣ್ಣಿದ್ದವರಿಗೆ ಕಾಣುವಂಥದ್ದು.

ಸೆರಗಿನ ಗಂಟಿನಿಂದ ಶಹಾಪುರದ ಚೀಟಿ ತೆಗೆದುಕೊಟ್ಟಳು. ‘ಕಾಲಿನ ಕಾರಣ ಇಸಿಜಿ ಸಾಧ್ಯವಿಲ್ಲ.’

ಅಕ್ಷರ ತಿರುಪತಿಯದು, ಈಗ ಅಲ್ಲಿ ಇಸಿಜಿ ತೆಗೆಯುವ ಹುಡುಗ. ಎರಡು ವರ್ಷದ ಹಿಂದೆ ಆರು ತಿಂಗಳು ನನ್ನ ಕೈಕೆಳಗೆ ಕಲಿತವನು. ಹೋಗುವಾಗ ಕಾಲಿಗೆ ಬಿದ್ದು ಹೋದವನು. ಅಲ್ಲೇ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

“ಸರ್, ನೀವ ಕಲಿಸಿದ್ರಿ. ಆನಿಕಾಲಿನವರು ಬಂದ್ರ ಟೈಮ್ ಹಾಳ ಮಾಡಬ್ಯಾಡ, ಹಿಂಗ ಬರದು ಕಳಸು ಅಂದಿದ್ರಿ.”

ಹೌದು. ಅಂದಿದ್ದೆ. ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕುಳಿತು. ಮಾಡಿದ್ದುಣ್ಣೋ ಮಹಾರಾಯ. ಆದರೆ ಉಣ್ಣುತ್ತಿರುವವಳು ಅಕ್ಕ.

ಪರದೆ ಎಳೆದೆ. ಮಸ್ತಾನಬಿ ಸಿಸ್ಟರ್ ಸೀರೆ ಸರಿಸಿದರು. ತೊಡೆಗೆ ಸ್ಟಿಕ್ಕರ್ ಹಚ್ಚಿ ವೈರ್ ಜೋಡಿಸಿದೆ. ಗಡಿಯಾರ ನೋಡಿದೆ… ಒಟ್ಟು ಆರು ನಿಮಿಷ. ಅಕ್ಕನಿಗೆ ನಾಚಿಕೆ. ಅಷ್ಟು ಏದುಸಿರಿನಲ್ಲೂ, “ಕೈ ಸ್ವಚ್ಛ ತೊಳಕೋ ತಮ್ಮಾ, ಆಮ್ಯಾಲ ಉಣ್ಣು” ಎಂದಳು.

ಪೇಪರ್ ಹಿಡಿದು ಡ್ಯೂಟಿ ಡಾಕ್ಟರ ಬಳಿ ಓಡಿದೆ. ಪೇಪರ್ ನೋಡಲಿಲ್ಲ, ಬಾಗಿಲಲ್ಲಿದ್ದ ಕಾಲು ನೋಡಿದರು. ಆನೆಕಾಲಾ, ಆ ಕಡೆ ಕಳಿಸಿ ಎಂದರು. ಆಗ ಬಾಯಿಬಿಟ್ಟೆ: “ನಮ್ಮಕ್ಕ ರೀ ಸರ್.”

ಹತ್ತು ನಿಮಿಷದಲ್ಲಿ ಬೆಡ್. ಆಕ್ಸಿಜನ್. ನೀರು ಇಳಿಸುವ ಇಂಜೆಕ್ಷನ್. ಕೆಲಸ ಮಾಡಿದ್ದು ಇಸಿಜಿ ಅಲ್ಲ, ‘ನಮ್ಮಕ್ಕ’ ಎಂಬ ಮಾತು.

ಫೆ. 19, ಬುಧವಾರ

ಅಕ್ಕ ರಾತ್ರಿಯೆಲ್ಲ ಮಲಗಿ ನಿದ್ದೆ ಮಾಡಿದಳಂತೆ. ಎಡಗಾಲು ಇಳಿದಿದೆ. ಚಹಾ ಬೇಕೆಂದು ಹಟ. ಉಪ್ಪು ಕಡಿಮೆ ಎಂದು ಆಸ್ಪತ್ರೆಯ ಸಾರಿಗೆ ಬೈಗುಳ. ಬದುಕಿದಳು.

ಪಕ್ಕದ ಬೆಡ್ಡಿನವಳಿಗೆ ಹೇಳುತ್ತಿದ್ದಳು: “ನಮ್ಮ ತಮ್ಮ ಇಲ್ಲೇ ಅದಾನ, ನನ್ನ ಪುಣ್ಯಾ. ಇಲ್ಲದವರು ಏನ್ ಮಾಡ್ತಾರವ್ವಾ?”

ಅಲ್ಲಿ ನಿಲ್ಲಲಾಗಲಿಲ್ಲ. ಮೌನಮ್ಮ ನೆನಪಾದರು. ಆ ಏದುಸಿರು. ಎಡಗಾಲು ಹೇಗಿತ್ತು? ನೋಡಿರಲೇ ಇಲ್ಲ.

ಹಳೆಯ ರಿಜಿಸ್ಟರ್ ತೆಗೆದೆ. ಷರಾ ಕಾಲಂನಲ್ಲಿ ‘ಕಾಲು, ಆಗಲಿಲ್ಲ.’ ಮತ್ತೆ ‘ಕಾಲು, ಆಗಲಿಲ್ಲ.’ ಆರು ವರ್ಷದ್ದು. ಇಪ್ಪತ್ತಮೂರರ ತನಕ ಎಣಿಸಿ ಮುಚ್ಚಿಟ್ಟೆ. ಭಾನುವಾರ ರಜೆ. ರಾಮಸಮುದ್ರಕ್ಕೆ ಹೋಗಿ ಮೌನಮ್ಮನವರನ್ನು ಕರೆದುಕೊಂಡೇ ಬರುತ್ತೇನೆ.

ಫೆ. 23, ಭಾನುವಾರ

ಆಟೊ ಮಾಡಿಕೊಂಡೇ ಹೋದೆ. ಆಕೆಗೆ ನಡೆಯಲಾಗದಲ್ಲ. ಮಸ್ತಾನಬಿ ಸಿಸ್ಟರಿಗೆ ಮಷೀನ್ ಬಳಿ ಇರಲು ಹೇಳಿದ್ದೆ.

ಬಾಗಿಲಿಗೆ ಬಂದವಳು ಮಗಳು, ಸವಿತಾ. ಆಸ್ಪತ್ರೆಯಿಂದ ಬಂದಿದ್ದೇನೆ ಎಂದೆ.

“ಅವ್ವ ಬುಧವಾರ ಹೋದಳ್ರಿ. ಕುಂತಲ್ಲೇ.”

ಬುಧವಾರ. ನಾನು ರಿಜಿಸ್ಟರ್ ಎಣಿಸುತ್ತ ಕುಳಿತ ದಿನ. ಅವತ್ತೇ ಎದ್ದು ಬರಬಹುದಿತ್ತು. ರಜೆ ಕಾಯ್ದೆ. ಥೂ ನನ್ನ ಜನ್ಮಕ್ಕೆ.

ಅವಳು ಒಳಗಿನಿಂದ ಪ್ಲಾಸ್ಟಿಕ್ ಚೀಲ ತಂದಳು. ಆಧಾರ್, ರೇಷನ್ ಕಾರ್ಡ್, ಎರಡರ ನಡುವೆ ನಾಲ್ಕು ಮಡಿಕೆ ಮಾಡಿದ ಚೀಟಿ. ಆಸ್ಪತ್ರೆಯ ಸರ್ ಜೋಪಾನ ಮಾಡು ಅಂದಿದ್ದಾರೆ ಎಂದು ಅವ್ವ ಯಾರಿಗೂ ಮುಟ್ಟಗೊಡಲಿಲ್ಲವಂತೆ. ಇದೊಂದು ಇದ್ದರೆ ಮುಂದಿನ ಸಲ ಒಳಗೆ ಬಿಡುತ್ತಾರೆ ಎಂದು ಹೇಳುತ್ತಿದ್ದರಂತೆ.

“ಈಗ ಇದನ್ನ ಯಾರಿಗಿ ತೋರಿಸಬೇಕ್ರಿ?” ಎಂದು ಕೇಳಿದಳು. ನಿಜವಾಗಿಯೇ ಕೇಳಿದಳು, ಕುಹಕವಿರಲಿಲ್ಲ.

ಬರೆದವನು ನಾನೇ ಎಂದು ಹೇಳಲಿಲ್ಲ. ಅವಳು ಚಹಾ ಕೊಟ್ಟಳು. ಕುಡಿದೆ. ಅದನ್ನೂ ಕುಡಿದೆ.

ಫೆ. 24, ಸೋಮವಾರ, ಬೆಳಿಗ್ಗೆ 8.50

ಎದ್ದ ಕೂಡಲೇ ತಿರುಪತಿಗೆ ಫೋನು. ನಾನು ಕಲಿಸಿದ್ದು ತಪ್ಪು, ತೊಡೆಗೆ ಹಚ್ಚು, ಒಬ್ಬರನ್ನೂ ವಾಪಸು ಕಳಿಸಬೇಡ ಎಂದೆ. ಆಯಿತು ಸರ್ ಎಂದ. ಆಗಲೇ ಕಳಿಸಿದವರನ್ನ ಏನ್ ಮಾಡೋದ್ರಿ ಎಂದ. ಫೋನು ಇಟ್ಟು ಆಸ್ಪತ್ರೆಗೆ ಬಂದೆ.

ಮಷೀನ್ ಆನ್ ಮಾಡಿದ್ದೇನೆ. ಸ್ಟಿಕ್ಕರ್ ತೆಗೆದಿಟ್ಟಿದ್ದೇನೆ. ಒಂಬತ್ತು ಇನ್ನೂ ಆಗಿಲ್ಲ, ಆಗಲೇ ಬಾಗಿಲಲ್ಲಿ ಒಬ್ಬರು. ಮುದುಕರು. ಬಲಗಾಲಿಗೆ ಟವೆಲ್ ಸುತ್ತಿ ಮುಚ್ಚಿಕೊಂಡಿದ್ದಾರೆ. ಏದುಸಿರು. ಒಳಗೆ ಬರ್ರಿ ಎಂದರೆ ಬರುತ್ತಿಲ್ಲ. ಅಲ್ಲಿಂದಲೇ ಒಂದು ಹಳೆಯ ಚೀಟಿ ಮುಂದೆ ಚಾಚಿದ್ದಾರೆ. ಜೋಪಾನ ಇಟ್ಟೀನ್ರಿ ಎನ್ನುತ್ತಿದ್ದಾರೆ.

ನನ್ನದೇ ಅಕ್ಷರ. ತಾರೀಕು ಹೋದ ವರ್ಷದ್ದು. ಏಳುತ್ತೇನೆ, ಪರದೆ ಎಳೆಯಬೇಕು.