ಎಡಗೈಗೆ ಒಂದು ಮೇಜು

ಮನೆ, ನಿನ್ನ ಕೋಣೆಯಿಂದ
ಭಾನುವಾರ, ಸೆಪ್ಟೆಂಬರ್ ೧೪

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಭುಜದ ನೋವು ಇಳಿಯಿತೇ? ನಿದ್ದೆ ಬರುತ್ತಿದೆಯೇ, ಇಲ್ಲ ಪಕ್ಕದ ಹಾಸಿಗೆಯ ಅಜ್ಜಿಯ ಗೊರಕೆ ಇನ್ನೂ ವಾರ್ಡನ್ನೆಲ್ಲ ಆಳುತ್ತಿದೆಯೇ? ನಿನ್ನ ಪತ್ರ ಬುಧವಾರ ಕೈಸೇರಿತು. ಫೋನಿನಲ್ಲಿ ಹೇಳಿ ಮುಗಿಸುವುದನ್ನೆಲ್ಲ ಎಡಗೈಯಲ್ಲಿ ಬರೆದೇ ತಿಳಿಸಬೇಕೆಂದು ನಿನಗೆ ಕಟ್ಟಪ್ಪಣೆ ಮಾಡಿರುವ ಆ ವ್ಯಾಯಾಮದ ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ಹೇಳು. ಮೊದಲ ಪತ್ರದಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು, ಈ ಸಲ ಎದ್ದು ಕುಳಿತಿವೆ. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ತಾನೇ ಓದಿದಳು. ‘ಒಂದನೇ ಕ್ಲಾಸಿನಲ್ಲಿ ಇದಕ್ಕಿಂತ ಕೆಟ್ಟದಾಗಿ ಬರೀತಿದ್ಲು ಬಿಡು’ ಎಂದಳು. ಅದು ಹೊಗಳಿಕೆ ಎಂದು ನಿನಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ಆ ಪತ್ರದ ಕೊನೆಯ ಸಾಲುಗಳ ವಿಷಯ. ಅಪಘಾತದಲ್ಲಿ ಜಖಂಗೊಂಡ ಬಲಗೈ ಮೊದಲಿನಂತೆ ಆಗುವುದಿಲ್ಲವಂತೆ, ಪುಸ್ತಕಗಳ ಪುಟ ಜೋಡಿಸುವ ಕೆಲಸ ಅಲ್ಲಿಗೆ ಮುಗಿಯಿತು, ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಬರೆದಿದ್ದೀಯ. ನಾನು ನಿನ್ನ ಮಾತು ಮೀರಿಲ್ಲ. ನಿನ್ನ ಫೈಲುಗಳನ್ನೆಲ್ಲ ಬೇರೆ ತೆಗೆದಿಟ್ಟು ಎದುರುಮನೆಯ ಟೈಲರಿಗೆ ಗುರುವಾರವೇ ಕೊಟ್ಟೆ. ಅವರು ಬಿಲ್ಲು ಬರೆಯುವುದಕ್ಕೆ ಅದು ಸಾಕಂತೆ. ಹೊಸದು ತರಬೇಡ ಎಂದು ಮಾತ್ರ ನೀನು ಎಲ್ಲೂ ಬರೆದಿರಲಿಲ್ಲ. ಎರಡೆರಡು ಸಲ ಓದಿ ಖಚಿತಪಡಿಸಿಕೊಂಡೇ ಮನೆ ಬಿಟ್ಟೆ.

ಮಾರುಕಟ್ಟೆಯ ಹಿಂದೆ, ಬೀಗ ರಿಪೇರಿಯವನ ಪಕ್ಕದಲ್ಲಿ ಬಿಡಿಭಾಗಗಳ ಅಂಗಡಿ ಇದೆಯಲ್ಲ, ಅಲ್ಲಿಗೇ ಹೋದೆ. ಒಳಗೆ ಕಾಲಿಟ್ಟರೆ ಎಲ್ಲವೂ ಮಿನುಗುತ್ತವೆ. ಫ್ಯಾನಿಗೆ ದೀಪ, ಮೌಸಿಗೆ ದೀಪ, ಮೆಮೊರಿ ಪಟ್ಟಿಗೂ ದೀಪ. ಅಂಗಡಿಯವರು ನನ್ನ ಕಡೆ ನೋಡಿ ‘ಮಗನಿಗಾ ಮೇಡಂ? ಗೇಮ್ ಆಡ್ತಾನಾ?’ ಎಂದರು. ತಂಗಿಗೆ, ಪುಸ್ತಕ ಮಾಡ್ತಾಳೆ ಎಂದೆ. ‘ಹಾಗಿದ್ರೂ ಒಂದಾದ್ರೂ ಲೈಟ್ ಇರಲಿ ಮೇಡಂ, ಮನೆಗೊಂದು ಕಳೆ’ ಎಂದರು. ಬೇಡ ಎಂದೆ. ಹಳೆಯದು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ ಎಂದು ನೀನು ದಿನಾ ಬೈಯುತ್ತಿದ್ದುದು ನೆನಪಿತ್ತು. ಅದಕ್ಕೇ ಫ್ಯಾನುಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಲು ಹೇಳಿ ಕಿವಿ ಕೊಟ್ಟು ಕೇಳಿದೆ. ಕಲ್ಲಂಗಡಿ ಹಣ್ಣು ಬಡಿದು ಕೊಳ್ಳುವವರ ಹಾಗೆ ಕಂಡಿರಬೇಕು. ಸದ್ದೇ ಇಲ್ಲದ್ದೊಂದು ಸಿಕ್ಕಿತು. ಪ್ರೊಸೆಸರ್ ಮಧ್ಯಮದ್ದು, ಮೆಮೊರಿ ಮಾತ್ರ ಧಾರಾಳ. ಚಿತ್ರಗಳಿರುವ ಪುಸ್ತಕ ತೆರೆದಾಗ ನೀನು ಚಹಾ ಕುಡಿದು ಬರುವಷ್ಟು ಹೊತ್ತು ಕಾಯಬೇಕಾಗಿಲ್ಲ.

ಕಷ್ಟವಾದದ್ದು ಮೌಸ್ ಮತ್ತು ಕೀಬೋರ್ಡು. ನಾನು ಬಲಗೈಯವಳು, ಆರಿಸಬೇಕಾದದ್ದು ಎಡಗೈಗೆ. ಹೀಗಾಗಿ ಬಲಗೈಯನ್ನು ಶಾಲಿನೊಳಗೆ ತುರುಕಿ ಬಿಗಿಯಾಗಿ ಹೊದ್ದುಕೊಂಡು ನಿಂತೆ. ಅಂಗಡಿಯವರು ಗಾಬರಿಯಾಗಿ ಕುರ್ಚಿ ತಂದರು, ನೀರು ತಂದರು. ವಿಷಯ ಹೇಳಿದ ಮೇಲೆ ನಕ್ಕು, ತಾವೂ ಒಂದು ಕೈ ಬೆನ್ನ ಹಿಂದೆ ಕಟ್ಟಿ ನನ್ನ ಜೊತೆಗೆ ಪರೀಕ್ಷೆಗೆ ಇಳಿದರು. ಅಂಗೈಗೆ ಹಿತವಾಗಿ ಬಾಗಿರುವ ಮೌಸುಗಳೆಲ್ಲ ಬಲಗೈಯವರಿಗೆಂದೇ ಹುಟ್ಟಿದವು ಪುಟ್ಟೀ, ಇಷ್ಟು ದಿನ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕೊನೆಗೆ ಎರಡೂ ಕಡೆ ಒಂದೇ ರೀತಿ ಇರುವ, ಸಣ್ಣದೊಂದನ್ನು ಆರಿಸಿದೆವು. ಕೀಬೋರ್ಡು ಬಲತುದಿಯಲ್ಲಿ ಅಂಕಿಗಳಿಲ್ಲದ ಗಿಡ್ಡನೆಯದು, ಒಂದೇ ಕೈ ಈ ತುದಿಯಿಂದ ಆ ತುದಿಗೆ ಓಡಾಡಬಹುದು. ನೀನು ಟೈಪ್ ಮಾಡುವ ಕ್ರಮದಲ್ಲಿ ಒತ್ತಕ್ಷರ ಕೊಡುವ ಕೀಲಿ ಎಡಗೈಯ ತೋರುಬೆರಳ ಕೆಳಗೇ ಇದೆ ಎಂದು ಅಲ್ಲೇ ಗೊತ್ತಾಯಿತು, ನನಗೆ ತುಂಬ ಸಂತೋಷವಾಯಿತು. ಆದರೆ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಬೇಕಾದಾಗ ಇಬ್ಬರೂ ಸೋತೆವು. ಆಗ ಅವರು ಅಟ್ಟದಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿದರು. ಕಾಲಲ್ಲಿ ಒತ್ತುವ ಪೆಡಲು. ರೆಕಾರ್ಡಿಂಗ್ ಕೇಳುತ್ತ ಟೈಪ್ ಮಾಡುವವರು ಬಳಸುತ್ತಾರಂತೆ. ನಮಗೆ ಬೇಕಾದ ಕೀಲಿಯ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು. ಮನೆಯಲ್ಲಿ ಅದನ್ನು ನೋಡಿ ಅಮ್ಮ ‘ಹೊಲಿಗೆ ಮಿಷನ್ ತಂದ್ಯೇನೇ?’ ಎಂದಳು. ನಿನ್ನ ಭಾವ ಅದನ್ನು ಒತ್ತಿ ಒತ್ತಿ ಕಾರು ಓಡಿಸುವ ಸದ್ದು ಮಾಡಿದರು. ಐವತ್ತು ದಾಟಿದ ಮನುಷ್ಯ.

ನಿನ್ನೆ ಎಲ್ಲವನ್ನೂ ನಿನ್ನ ಮೇಜಿನ ಮೇಲೆ ಇಟ್ಟು ಅಳತೆ ನೋಡುತ್ತಿದ್ದೆ. ನನ್ನ ಬಲಗೈಗೆ ನಾಚಿಕೆಯೇ ಇಲ್ಲ, ಮೌಸ್ ಕಂಡರೆ ಸಾಕು, ಶಾಲಿನಿಂದ ಹೊರಗೆ ಬಂದುಬಿಡುತ್ತಿತ್ತು. ಕೊನೆಗೆ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಹಿಡಿದು, ಕೈಯನ್ನು ಸೊಂಟಕ್ಕೆ ಸೇರಿಸಿ ಗಂಟು ಹಾಕಿದೆ. ಕೆಲಸವೇನೋ ಆಯಿತು, ಗಂಟು ಬಿಚ್ಚಲು ಬರಲಿಲ್ಲ. ಎಡಗೈ ಎಳೆದಷ್ಟೂ ಬಿಗಿಯಾಯಿತು. ಅಮ್ಮನನ್ನು ಕೂಗಿದೆ. ಅವಳು ಮೆಟ್ಟಿಲು ಹತ್ತಿ ಬಂದು, ಬೈಯುತ್ತಲೇ ಬಿಚ್ಚಲು ಕುಳಿತಳು. ಗಂಟು ಸಡಿಲಿಸುತ್ತ, ‘ಅವಳು ಜಡೆ ಹೇಗೆ ಹಾಕ್ಕೊಳ್ತಾಳೆ?’ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಇಷ್ಟು ಸಲ ನಿನ್ನನ್ನು ನೋಡಿಕೊಂಡು ಬಂದಿದ್ದೇನೆ, ಕೇಳಬೇಕೆಂದು ತೋಚಿಯೇ ಇರಲಿಲ್ಲ. ಅಮ್ಮ ಶಾಲು ಮಡಿಸಿಟ್ಟು, ಕಿಟಕಿಯನ್ನೊಮ್ಮೆ ಮೇಜನ್ನೊಮ್ಮೆ ನೋಡಿ, ‘ಎಡಗೈಯವಳಿಗೆ ಬೆಳಕು ಬಲಗಡೆಯಿಂದ ಬರ್ಬೇಕು, ಇಲ್ದಿದ್ರೆ ಕೈ ನೆರಳು ಕಾಗದದ ಮೇಲೇ ಬೀಳುತ್ತೆ. ಹಿಡಿ ಆ ಕಡೆ’ ಎಂದಳು. ಬೇಡವೆಂದರೂ ಕೇಳದೆ ಮೇಜಿನ ಇನ್ನೊಂದು ತುದಿ ತಾನೇ ಹಿಡಿದಳು. ಮೇಜು ಈಗ ಎದುರು ಗೋಡೆಗೆ ಬಂದಿದೆ. ಅಲ್ಲಿಯೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಬಲಗೈಯಲ್ಲಿ ಬರೆಯುವ ನನಗೆ ಸಾಲಿನ ಮೇಲೆಲ್ಲ ನನ್ನದೇ ನೆರಳು.

ಪ್ರೆಸ್ಸಿನ ಯಜಮಾನರು ಸಿಕ್ಕಿದ್ದರು. ನಿನ್ನ ಜಾಗದಲ್ಲಿ ಬಂದವನು ಒಂದು ಪುಟ್ಟ ಪದ್ಯದ ಕೊನೆಯ ಸಾಲನ್ನು ಮುಂದಿನ ಪುಟಕ್ಕೆ ತಳ್ಳಿದ್ದಾನಂತೆ. ಆ ಪುಸ್ತಕ ನಾನೂ ತಂದು ಓದಿದೆ. ಪುಟ ಮಗುಚುವಷ್ಟರಲ್ಲಿ ಪದ್ಯ ಆರಿಹೋಗಿತ್ತು. ‘ನಿಮ್ಮ ತಂಗಿ ನಿಧಾನ ಮಾಡಿದ್ರೂ ಪರವಾಗಿಲ್ಲ, ಬರ್ತಾರಾ?’ ಎಂದು ಕೇಳಿದರು. ಅದನ್ನು ನೀವು ಅವಳನ್ನೇ ಕೇಳಬೇಕು ಎಂದೆ. ನಿನ್ನ ಪರವಾಗಿ ಹ್ಞೂ ಎನ್ನಲಿಲ್ಲ, ಊಹ್ಞೂ ಎನ್ನಲೂ ಇಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ವ್ಯಾಯಾಮ ತಪ್ಪಿಸಬೇಡ. ಜಡೆಯ ವಿಷಯ ಬರೆ, ಅಮ್ಮ ಕಾಯುತ್ತಿದ್ದಾಳೆ. ಅವಳ ಆಶೀರ್ವಾದ, ನಿನ್ನ ಭಾವನ ಕೀಟಲೆ, ಎರಡೂ ಈ ಲಕೋಟೆಯಲ್ಲಿವೆ ಎಂದುಕೋ.

ನಿನ್ನ,
ಅಕ್ಕ

ತಾ. ಕ.: ಲಕೋಟೆ ಅಂಟಿಸುವ ಹೊತ್ತಾಯಿತು, ಮುಖ್ಯ ವಿಷಯವೇ ಉಳಿದುಹೋಯಿತು. ಎಲ್ಲವೂ ಬಂದಿದೆ, ಕಂಪ್ಯೂಟರಿನ ಪರದೆಯೊಂದನ್ನು ಬಿಟ್ಟು. ಅಂಗಡಿಯವರು ಎರಡನ್ನು ಎತ್ತಿಟ್ಟಿದ್ದಾರೆ. ಒಂದನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಬಹುದು, ಇಡೀ ಒಂದು ಪುಟ ದೊಡ್ಡದಾಗಿ ಕಾಣುತ್ತದೆ. ಇನ್ನೊಂದು ಅಗಲದ್ದು, ಎರಡು ಪುಟ ಅಕ್ಕಪಕ್ಕ ಕಾಣುತ್ತವೆ. ಮಿಕ್ಕದ್ದನ್ನು ನನ್ನ ಕೈ ಕಟ್ಟಿ ಆರಿಸಿದೆ, ಆದರೆ ಪುಟವನ್ನು ನಿನ್ನ ಕಣ್ಣಿನಿಂದ ನೋಡಲು ನನಗೆ ಬರುವುದಿಲ್ಲ. ಯಾವುದು ಎಂದು ಒಂದೇ ಒಂದು ಮಾತು ಬರೆದು ಕಳಿಸು. ಯಾವುದೂ ಬೇಡ ಎನ್ನುವುದಾದರೆ ಹಾಗೆಯೇ ಬರೆ, ನಾನು ಮತ್ತೆ ಒತ್ತಾಯಿಸುವುದಿಲ್ಲ. ಆದರೆ ಅದನ್ನೂ ಎಡಗೈಯಲ್ಲೇ ಬರೆಯಬೇಕಾಗುತ್ತದೆ, ನೋಡು.