ನನ್ನ ಮೊಮ್ಮಗಳಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಬರೆದುಕೊಡಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಮೊಮ್ಮಗಳು ಶಹಜಾದಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಒಂದು ಕಾಗದ ಬರೆದು, ಮೊಹರು ಹಾಕಿ ಕೊಡಿ ಎಂದು ಕೇಳಲು ನಿಮ್ಮ ಕಚೇರಿಗೆ ಏಳು ಸಲ ಬಂದೆ. ಬರುತ್ತದೆ ಎಂದು ಬರೆಸಿಕೊಳ್ಳಲು ಜನ ನಿಮ್ಮ ವರಾಂಡದಲ್ಲಿ ಕಾಯುವುದನ್ನು ಕಂಡಿದ್ದೇನೆ. ಬರುವುದಿಲ್ಲ ಎನ್ನುವುದಕ್ಕೂ ಇಷ್ಟು ಕಾಯಬೇಕೆಂದು ತಿಳಿದಿರಲಿಲ್ಲ. ಎಂಟನೆಯ ಸಲ ಮೆಟ್ಟಿಲು ಹತ್ತುವ ಶಕ್ತಿ ಈ ಮೊಣಕಾಲುಗಳಿಗಿಲ್ಲ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಕೆ.ಬಿ. ಬಡಾವಣೆಯಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟವನು. ಮಗ ಗೌಸ್ ಪೀರ್ ಕುವೈತಿನಲ್ಲಿ ಎಲೆಕ್ಟ್ರಿಷಿಯನ್. ಹೊಟ್ಟೆ ಬಟ್ಟೆ ಕಟ್ಟಿ ಐದು ವರ್ಷ ಮಗಳನ್ನು ಅಲ್ಲಿನ ದುಬಾರಿ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಓದಿಸಿದ. ಕಳೆದ ವರ್ಷ ಸೊಸೆ, ಮೊಮ್ಮಗಳು ಊರಿಗೆ ಮರಳುವಾಗ ಬಂಗಾರದ ಅಂಚಿನ ಸರ್ಟಿಫಿಕೇಟು ತಂದರು. ಇಂಗ್ಲಿಷ್: ಅತ್ಯುತ್ತಮ. ಅದಕ್ಕೆ ಚೌಕಟ್ಟು ಹಾಕಿಸಿ, ಅಳತೆ ಕೊಡಲು ನಿಂತ ಗಿರಾಕಿಯ ಕಣ್ಣಿಗೆ ಬೀಳುವ ಹಾಗೆ ಅಂಗಡಿಯಲ್ಲಿ ನೇತುಹಾಕಿದೆ. ಹುಡುಗಿ ಪುಸ್ತಕ ಹಿಡಿದರೆ ರೇಡಿಯೋ ವಾರ್ತೆಯ ಹಾಗೆ ಓದುತ್ತಿದ್ದಳು. ನಾನು ಉಬ್ಬಿಹೋದೆ, ಸುಳ್ಳೇಕೆ ಹೇಳಲಿ.

ನಮ್ಮ ಬೀದಿಯಲ್ಲಿ ಇಂಗ್ಲಿಷ್ ಕಾಗದ ಬಂದರೆ ಬಲ್ಲವರ ಬಳಿ ಒಯ್ದು ಓದಿಸುವುದು ರೂಢಿ. ಚೌಕಟ್ಟು ನೋಡಿದ ಮೇಲೆ ಜನ ನನ್ನ ಅಂಗಡಿಗೇ ಬರತೊಡಗಿದರು. ಹಾಗೆ ಬಂದವಳು ಉಡಚಮ್ಮ. ಅವಳ ಗಂಡ ಓಬಯ್ಯ ಇಲ್ಲಿನ ಒಂದು ಹತ್ತಿ ಗಿರಣಿಯ ಕಾರ್ಮಿಕ, ಜ್ವರ ಬಂದು ಕೊಂಡಜ್ಜಿ ಹಳ್ಳಿಯ ಅತ್ತೆಮನೆಯಲ್ಲಿ ಮಲಗಿದ್ದ. ಗಿರಣಿಯಿಂದ ಕಾಗದ ಬಂದಿತ್ತು. ಶಹಜಾದಿ ಎದ್ದು ನಿಂತು, ಮೊದಲಿಂದ ಕೊನೆಯವರೆಗೆ, ಎಲ್ಲೂ ತಡವರಿಸದೆ ಓದಿದಳು.

“ಏನಂತ ಬರದಾರವ್ವ?” ಎಂದಳು ಉಡಚಮ್ಮ.

ಹುಡುಗಿ ಒಮ್ಮೆ ನನ್ನ ಕಡೆ, ಒಮ್ಮೆ ಚೌಕಟ್ಟಿನ ಕಡೆ ನೋಡಿದಳು. “ಆರಾಮಾದ ಮ್ಯಾಲೆ ಬರ್ರಿ ಅಂದಾರೆ.”

ಕಾಗದದಲ್ಲಿ ಇದ್ದದ್ದೇ ಬೇರೆ. ಎಂಟು ದಿನದೊಳಗೆ ವಿಚಾರಣೆಗೆ ಹಾಜರಾಗದಿದ್ದರೆ ಕೆಲಸದಿಂದ ತೆಗೆಯುತ್ತೇವೆ ಎಂದಿತ್ತು. ಓಬಯ್ಯ ಆರಾಮಾಗಿ ಹದಿನೈದನೆಯ ದಿನ ಹೋದರೆ ಗೇಟಿನಲ್ಲೇ ತಡೆದರು. ಹದಿನೆಂಟು ವರ್ಷದ ನೌಕರಿ, ಸ್ವಾಮಿ.

ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆ. ಅತ್ತಳು. “ಅಲ್ಲಿ ಓದು ಅಂತಿದ್ರು ದಾದಾ. ಓದಿದ್ರೆ ವೆರಿ ಗುಡ್ ಅಂತಿದ್ರು. ಅರ್ಥ ಯಾರೂ ಕೇಳ್ತಿರಲಿಲ್ಲ.” ಐದು ವರ್ಷದಲ್ಲಿ ಒಂಬತ್ತು ಜನ ಟೀಚರು ಬಂದು ಹೋದರಂತೆ. ಉತ್ತರಗಳನ್ನೂ ಬೋರ್ಡಿನ ಮೇಲೆ ಬರೆದುಕೊಡುತ್ತಿದ್ದರಂತೆ. ಪರದೇಶ, ಫೀಸು, ಟೈ, ಬೂಟು ಇಷ್ಟೆಲ್ಲ ಇದ್ದ ಮೇಲೆ ಪಾಠವೂ ಇದ್ದೀತೆಂದು ನಂಬಿದೆ. ಆ ತಪ್ಪು ನನ್ನದು, ಒಪ್ಪಿದೆ.

ಗಿರಣಿಗೆ ಹೋಗಿ ನಡೆದದ್ದನ್ನು ಹೇಳಿದೆ. ಮ್ಯಾನೇಜರು ಕೆಟ್ಟವರಲ್ಲ. “ಓದಿದ ಹುಡುಗಿಗೆ ಇಂಗ್ಲಿಷ್ ಬರಲ್ಲ ಅಂತ ಶಿಕ್ಷಣ ಇಲಾಖೆಯಿಂದ ಬರೆಸ್ಕೊಂಡ್ ಬರ್ರಿ ಸಾಬ್ರೆ, ಮತ್ತೆ ವಿಚಾರಣೆ ಇಡ್ತೀವಿ” ಎಂದರು. ನಿಮ್ಮ ಬಳಿ ಬಂದೆ. ನೀವು ಸರ್ಟಿಫಿಕೇಟಿನ ಬಂಗಾರದ ಅಂಚನ್ನು ಬೆರಳಿನಿಂದ ಸವರಿ, “ಫಾರಿನ್ ಸ್ಕೂಲು ಕೊಟ್ಟದ್ದನ್ನ ನಾವು ಅಲ್ಲಗಳೆಯೋಕೆ ಬರಲ್ಲ ರೀ” ಎಂದಿರಿ. ಹಾಗಾದರೆ ಪರೀಕ್ಷೆ ಮಾಡಿ ನೋಡಿ ಎಂದೆ. ಇಂಥ ಸರ್ಟಿಫಿಕೇಟು ಇದ್ದವರಿಗೆ ಪರೀಕ್ಷೆಯಿಂದ ವಿನಾಯಿತಿ ಎಂದಿರಿ. ಮಲೆಬೆನ್ನೂರಿನ ಸರ್ಕಾರಿ ಶಾಲೆಯಿಂದ ಬಂದ ಮಗುವನ್ನು ನಿಲ್ಲಿಸಿ ಹತ್ತು ಪ್ರಶ್ನೆ ಕೇಳುತ್ತೀರಿ. ಸಮುದ್ರ ದಾಟಿ ಬಂದ ಕಾಗದಕ್ಕೆ ಒಂದೂ ಪ್ರಶ್ನೆ ಬೇಡವೇ? ಮಗುವೇ ನಿಮ್ಮ ಮೇಜಿನ ಮುಂದೆ ನಿಂತು “ನಂಗೆ ಬರಲ್ಲ ಸರ್” ಎಂದಾಗ, “ಎಷ್ಟು ವಿನಯ ನೋಡ್ರಿ!” ಎಂದು ನಕ್ಕಿರಲ್ಲ, ಅದನ್ನು ಹೇಗೆ ಮರೆಯಲಿ?

ಓಬಯ್ಯ ಈಗ ಹರಿಹರದ ರೈಲ್ವೆ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಾನೆ. ಎದುರಾದರೆ ಇಂದಿಗೂ ನನಗೆ ನಮಸ್ಕಾರ ಅನ್ನುತ್ತಾನೆ. ಬೈದಿದ್ದರೆ ಎದೆ ಹಗುರಾಗುತ್ತಿತ್ತು.

ನನ್ನ ಬೇಡಿಕೆ ಇಷ್ಟೇ. ಶಹಜಾದಿಯನ್ನು ಕರೆದು ಪರೀಕ್ಷೆ ಮಾಡಿ. ಓದಿಸಬೇಡಿ, ಅರ್ಥ ಕೇಳಿ. ಕಂಡದ್ದನ್ನು ಬರೆದು ಮೊಹರು ಹಾಕಿ. ಆಮೇಲೆ ಅವಳಿಗೆ ಮೊದಲಿನಿಂದ ಕಲಿಸುವ ಯಾವ ತರಗತಿಗಾದರೂ ಸೇರಿಸಿ, ನಮ್ಮ ಮನೆಯಲ್ಲಿ ಯಾರೂ ನಾಚುವುದಿಲ್ಲ. ಶಾಲೆಯಿಂದ ಬಂದವಳು ದಿನವೂ ಚೀಲ ಇಳಿಸುವ ಮೊದಲೇ ಕೇಳುತ್ತಾಳೆ: “ದಾದಾ, ನಾನು ಯಾವಾಗ ಫೇಲಾಗೋದು?”

ಇಂತಿ,
ಸರ್ಟಿಫಿಕೇಟು ತೆಗೆದು, ನಿಮ್ಮ ಕಾಗದಕ್ಕೆಂದು ಚೌಕಟ್ಟು ಖಾಲಿ ಇಟ್ಟುಕೊಂಡಿರುವ
ಖಾಜಾ ಹುಸೇನ್, ದರ್ಜಿ
ದಾವಣಗೆರೆ, 1984