ಹತ್ತು ಜನರ ಜಾಮೀನು

ಅಲ್ ಖೋರ್, ಕತಾರ್
17 ಜನವರಿ 2015, ಶನಿವಾರ

ಪ್ರೀತಿಯ ಗಗನಾಗೆ ಅರುಂಧತಿಯ ನೆನಪುಗಳು.

ಈ ಕಾಲದಲ್ಲೂ ಕಾಗದ ಬರೀತಾಳಲ್ಲ ಅಂತ ನಗಬೇಡ ಕಣೇ. ಫೋನ್ ಮಾಡಿದರೆ ನೀನು ಎತ್ತಲ್ಲ. ವಾಟ್ಸಾಪಲ್ಲಿ ನೀಲಿ ಗೀಟು ಬೀಳುತ್ತೆ, ಉತ್ತರ ಬರಲ್ಲ. ಮಕ್ಕಳು ಹೇಗಿದ್ದಾರೆ? ನಿನ್ನ ಯಜಮಾನರು ಕಾರ್ತಿಕ್ ದೀಪಾವಳಿಗೆ ಅಂತ ರಜೆ ಹಾಕಿ ಎಲ್ಲರನ್ನೂ ಮೈಸೂರಿಗೆ ಕರ್ಕೊಂಡು ಹೋದದ್ದು. ಸಂಕ್ರಾಂತಿ ಎಳ್ಳು ಬೀರಿದ್ದೂ ಆಯ್ತು, ಆ ರಜೆ ಇನ್ನೂ ಮುಗಿದಿಲ್ಲ. ಪುಣ್ಯವಂತರು ಬಿಡು. ಹದಿನೈದು ದಿನ ನೋಡ್ಕೋ ಅಂತ ನನ್ನ ಬಾಲ್ಕನಿಯಲ್ಲಿ ಇಟ್ಟುಹೋದ ನಿನ್ನ ತುಳಸಿ ಚೆನ್ನಾಗಿ ಚಿಗುರಿದೆ.

ನನ್ನ ಗೋಳು ಕೇಳು. ನಾದಿನಿ ಅಮೂಲ್ಯಾಗೆ ಮದುವೆ ಗೊತ್ತಾಗಿದೆ, ಮಾಘದಲ್ಲಿ. ಮಾವ ಇಲ್ಲದ ಮನೆ, ಧಾರೆ ಎರೆಯಬೇಕಾದವರು ನಾನು, ಇವರು. ಟಿಕೆಟ್ ಮಾಡ್ಸಿ ಅಂತ ನಮ್ಮ ಯಜಮಾನ ಯತಿರಾಜರ ಬೆನ್ನು ಹತ್ತಿದರೆ ದಿನಕ್ಕೊಂದು ನೆಪ. ಕಂಪನಿ ಎಕ್ಸಿಟ್ ಪರ್ಮಿಟ್ ಕೊಡದೆ ಇಲ್ಲಿಂದ ಹೊರಡೋ ಹಾಗಿಲ್ಲ, ನಿನಗೂ ಗೊತ್ತು. ಸ್ಟೇಡಿಯಂ ಕೆಲಸ ಜಾಸ್ತಿ, ಬಾಸ್ ಸಹಿ ಹಾಕ್ತಿಲ್ಲ ಅಂತಾರೆ. ವಿಶ್ವಕಪ್ಪಿಗೆ ಇನ್ನೂ ಏಳು ವರ್ಷ ಇದೆ. ಅಲ್ಲೀವರೆಗೆ ಯಾರ ಮನೇಲೂ ಮದುವೆ ಆಗಬಾರದಾ? ಅದೇ ಆಫೀಸಿನ ಬೇರೆಯವರೆಲ್ಲ ಊರಿಗೆ ಹೋಗಿ ಬರ್ತಾನೇ ಇದ್ದಾರೆ.

ಹೋದ ವಾರ ಇವರು ಬಾಲ್ಕನಿಯಲ್ಲಿ ನಿಂತು ಫೋನಲ್ಲಿ ಮೆಲ್ಲಗೆ ಮಾತಾಡ್ತಿದ್ದರು. ಬಟ್ಟೆ ತೆಗೆಯೋಕೆ ಹೋದವಳ ಕಿವಿಗೆ ಬಿದ್ದದ್ದು ಇಷ್ಟು: ಕೊನ್ಸೆಪ್ಟಾ, ದಯವಿಟ್ಟು ಅರುಂಧತಿಗೆ ಹೇಳಬೇಡಿ. ಕೊನ್ಸೆಪ್ಟಾ ಅಂದರೆ ಇವರ ಬಾಸ್‌ನ ಸೆಕ್ರೆಟರಿ, ಮಂಗಳೂರಿನವರು. ಅವತ್ತಿನಿಂದ ಇವರ ಶರ್ಟಿನ ಕಾಲರ್ ಮೂಸಿ ನೋಡ್ತಿದ್ದೆ ಅಂದರೆ ನಂಬ್ತೀಯಾ? ನಾನು! ಬರೀ ಬೆವರು, ಸಿಮೆಂಟು.

ಅದೇ ವಾರ ನನ್ನ ಏಳನೇ ಕ್ಲಾಸಿಗೆ ಯುರೋಪಿನ ಮಧ್ಯಯುಗದ ಪಾಠ. ಗುಡ್ಡದ ಮೇಲೆ ಕೋಟೆ, ಕೋಟೆಯಲ್ಲಿ ಒಡೆಯ, ಕೆಳಗೆ ಅವನ ಹೊಲ ಉಳುವವರು. ಒಡೆಯ ಒಪ್ಪದೆ ಅವರು ಮೇರೆ ದಾಟೋ ಹಾಗಿಲ್ಲ, ಮಗಳ ಮದುವೆಗೂ ಅವನ ಅಪ್ಪಣೆ ಬೇಕು. ಇದೆಲ್ಲ ದೇವರೇ ಮಾಡಿದ ಏರ್ಪಾಟು ಅಂತ ಚರ್ಚಿನ ಪಾದ್ರಿ ಸಮಾಧಾನ ಹೇಳುತ್ತಿದ್ದ. ನಮ್ಮಪ್ಪನ ಆಫೀಸಿನ ಹಾಗೇನೇ ಮಿಸ್, ಅಂದಳು ಒಬ್ಬ ಹುಡುಗಿ. ಯಾರು ಕೇಳಿಸಿಕೊಂಡರೋ ಅಂತ ಎದ್ದುಹೋಗಿ ಬಾಗಿಲು ಹಾಕಿದೆ. ಇಂಗ್ಲೆಂಡಿನಲ್ಲಿ ಹತ್ತು ಹತ್ತು ಗಂಡಸರನ್ನು ಒಂದು ಗುಂಪು ಮಾಡ್ತಿದ್ದರಂತೆ, ಒಬ್ಬ ತಪ್ಪು ಮಾಡಿ ಓಡಿಹೋದರೆ ಉಳಿದ ಒಂಬತ್ತು ಜನ ಅವನಿಗೆ ಜವಾಬು ಕೊಡಬೇಕು. ಓಡಿದವನು ಪಟ್ಟಣ ಸೇರಿ ವರ್ಷದ ಮೇಲೊಂದು ದಿನ ಸಿಕ್ಕಿಬೀಳದೆ ಇದ್ದರೆ ಅವನು ಸ್ವತಂತ್ರ. ಮಕ್ಕಳು ಚಪ್ಪಾಳೆ ತಟ್ಟಿದರು. ಅದೇ ಹುಡುಗಿ, ಉಳಿದ ಒಂಬತ್ತು ಜನ ಏನಾದರು ಅಂತ ಕೇಳಿದಳು. ಪುಸ್ತಕದಲ್ಲಿಲ್ಲ ಅಂತ ಹೇಳಿ ಕೂರಿಸಿದೆ.

ನಿನ್ನೆ ಶುಕ್ರವಾರ, ವಾರದ ರಜೆ, ದೋಹಾದಲ್ಲಿ ತರಕಾರಿ ತರ್ತೀನಿ ಅಂತ ಸುಳ್ಳು ಹೇಳಿ ಅಲ್ ಮುಂತಜಾದಲ್ಲಿರೋ ಕೊನ್ಸೆಪ್ಟಾ ಮನೆಗೆ ಹೋದೆ. ಚರ್ಚಿನಲ್ಲಿ ಪೂಜೆ ಮುಗಿಸಿ ಆಗಷ್ಟೇ ಬಂದಿದ್ದರು, ತಲೆಯ ಮೇಲಿನ ವೇಲ್ ಕೂಡ ತೆಗೆದಿರಲಿಲ್ಲ. ನಾನು ಸುತ್ತು ಬಳಸಲಿಲ್ಲ, ನನ್ನ ಗಂಡನಿಗೂ ನಿಮಗೂ ಏನು ಅಂತ ಕೇಳೇಬಿಟ್ಟೆ. ಆಯಮ್ಮ ಕೋಪ ಮಾಡ್ಕೊಳ್ಳಲಿಲ್ಲ. ನನ್ನನ್ನು ಕೂರಿಸಿ ಹೇಳಿದರು:

"ಮೇಡಂ, ಕಾರ್ತಿಕ್ ರಜೆಗೆ ಹೋಗುವಾಗ ನಿಮ್ಮ ಯಜಮಾನರು ಜಾಮೀನು ನಿಂತಿದ್ದಾರೆ. ಕಾರ್ತಿಕ್ ತಿರುಗಿ ಬಾರದೆ ಕಂಪನಿ ಇವರನ್ನು ಊರಿಗೆ ಬಿಡುವುದಿಲ್ಲ."

ನಾನು ಅವರ ಕೈ ಹಿಡ್ಕೊಂಡು ಕ್ಷಮೆ ಕೇಳಿದೆ. ಮನೆಗೆ ಬಂದು ಇವರ ಮೇಲೆ ಹರಿಹಾಯ್ದೆ, ಯಾಕೆ ಮುಚ್ಚಿಟ್ಟಿರಿ ಅಂತ. ಇಲ್ಲಿ ನಿನಗಿದ್ದವಳು ಗಗನಾ ಒಬ್ಬಳು, ಅದೂ ಕೆಡೋದು ಬೇಡ ಅಂತ ಸುಮ್ಮನಿದ್ದೆ ಅಂದರು. ಅಳು ತಡೆಯಲಾಗಲಿಲ್ಲ ಕಣೇ.

ಈಗ ನಿನ್ನನ್ನು ಒಂದು ಕೇಳ್ತೀನಿ. ಹೊರಡೋ ದಿನ ನಿನ್ನ ದೇವರ ಗೂಡು ಖಾಲಿ ಇತ್ತು. ಬೆಳ್ಳಿ ಲಕ್ಷ್ಮಿ, ಅತ್ತೆ ಕೊಟ್ಟ ಸಾಲಿಗ್ರಾಮ, ಏನೂ ಇರಲಿಲ್ಲ. ಊರಲ್ಲಿ ಪಾಲಿಶ್ ಮಾಡಿಸಬೇಕು ಅಂದೆ. ಸಾಲಿಗ್ರಾಮಕ್ಕೆ ಯಾರಾದರೂ ಪಾಲಿಶ್ ಮಾಡಿಸ್ತಾರಾ ಗಗನಾ? ನಾನು ಪೆದ್ದಿ, ಅವತ್ತು ಚಪಾತಿ ಕಟ್ಟಿಕೊಡೋದರಲ್ಲಿ ಮುಳುಗಿದ್ದೆ. ನಿನಗೆ ಎಲ್ಲ ಗೊತ್ತಿತ್ತು, ಅಲ್ವಾ?

ಕಾರ್ತಿಕ್‌ಗೆ ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕರೂ ಕಂಪನಿ ಬಿಡಲಿಲ್ಲ. ಅದು ಅನ್ಯಾಯ, ಒಪ್ತೀನಿ. ವಾಪಸ್ ಬಂದರೆ ಮತ್ತೆ ಬಿಡಲ್ಲ ಅನ್ನೋ ಹೆದರಿಕೆಯೂ ಗೊತ್ತು. ಆದರೆ ಅವರ ಜಾಗದಲ್ಲಿ ಈಗ ನನ್ನ ಗಂಡ ನಿಂತಿದ್ದಾರೆ. ಅಣ್ಣ ಇದ್ದೂ ಅಮೂಲ್ಯಾಗೆ ಬೇರೆ ಯಾರೋ ಧಾರೆ ಎರೆಯಬೇಕಾ? ಮದುವೆಯೊಳಗೆ ಅವರನ್ನು ಕಳಿಸು. ಇಲ್ಲ ಅನ್ನೋದಾದರೆ ಇಲ್ಲ ಅಂತಾದರೂ ಬರಿ. ನೀಲಿ ಗೀಟು ಬೇಡ.

ಇನ್ನೂ ನಿನ್ನವಳೇ ಆದ,
ಅರುಂಧತಿ

ಮರೆತಿದ್ದೆ: ಈ ಕಾಗದ ತಂದವರು ಮೊಯ್ದಿನ್ ಕುಂಞಿ, ಇವರ ಸೈಟಿನ ಡ್ರೈವರ್. ಮಗಳ ಹೆರಿಗೆಗೆ ಊರಿಗೆ ಬರ್ತಿದ್ದಾರೆ. ಕಾಫಿ ಕೊಟ್ಟು ಕಳಿಸು. ಕಾರ್ತಿಕ್ ಹೋದಮೇಲೆ ಆ ಆಫೀಸಲ್ಲಿ ಯಾರೂ ಯಾರಿಗೂ ಜಾಮೀನು ನಿಲ್ತಿಲ್ಲ. ಈ ಮೊಯ್ದಿನ್‌ಗೆ ನಿಂತದ್ದು ಯತಿರಾಜ್. ನಾನು ಹೇಗೂ ಇಲ್ಲೇ ಇರ್ತೀನಲ್ಲ, ಇನ್ನೊಂದು ಸಹಿ ಹಾಕಿದರೆ ಏನಾಗುತ್ತೆ ಅಂದರಂತೆ.